ಫ್ಯೂಸ್ ಎಲ್ಲೋ?

ಭಾನುವಾರದಿಂದ ದೊಡ್ಡಪ್ಪನ ಒಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿದೆ. "ಫ್ಯೂಸ್ ಎಲ್ಲೋ?"

ಅವರು ಅದನ್ನು ಕೇಳಿದಾಗ ಖುಷಿಗೆ ನನ್ನ ಕಾಲು ನೆಲದ ಮೇಲೇ ಇರಲಿಲ್ಲ. ತಾರಸಿಯಲ್ಲಿ 100 ವ್ಯಾಟ್‌ನ ಸೋಲಾರ್ ಪ್ಯಾನೆಲ್, ಕೆಳಗೆ ಬ್ಯಾಟರಿಗೆ ಹದವಾಗಿ ಚಾರ್ಜ್ ಮಾಡೋ ಚಾರ್ಜ್ ಕಂಟ್ರೋಲರ್, 40 ಆಂಪಿಯರ್ ಅವರ್‌ನ ಲೆಡ್ ಆಸಿಡ್ ಬ್ಯಾಟರಿ, 300 ವ್ಯಾಟ್‌ನ ಪುಟ್ಟ ಇನ್ವರ್ಟರ್. ಎಲ್ಲಾ ನಾನೇ ಜೋಡಿಸಿದ್ದು. ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್ ಅನ್ನೋ ಕ್ರಮವನ್ನೂ ತಪ್ಪಿಸಿರಲಿಲ್ಲ. ಫ್ಯಾನ್ ತಿರುಗಿತು. ಬಿಸಿಲಿನಿಂದ ಗಾಳಿ ಬಂತು! ಮನೆಯವರನ್ನೆಲ್ಲ ಕರೆದು ಅದರ ಮುಂದೆ ನಿಲ್ಲಿಸಿದೆ.

ದೊಡ್ಡಪ್ಪ ಫ್ಯಾನ್ ಕಡೆ ನೋಡಲೇ ಇಲ್ಲ. 30 ವರ್ಷ ವೈರಿಂಗ್ ಮಾಡಿದವರು. ಯಾರ ಮನೆಗೆ ಹೋದರೂ ಮೊದಲು ಸ್ವಿಚ್ ಬೋರ್ಡ್ ನೋಡುತ್ತಾರೆ, ಆಮೇಲೆ ಮನೆಯವರ ಮುಖ. ಬಗ್ಗಿ ಬ್ಯಾಟರಿ ನೋಡಿದರು.

"ಫ್ಯೂಸ್ ಎಲ್ಲೋ?"

"12 ವೋಲ್ಟ್ ಅಷ್ಟೇ ದೊಡ್ಡಪ್ಪ. ಮುಟ್ಟಿದ್ರೂ ಶಾಕ್ ಹೊಡೆಯಲ್ಲ."

"ನಾನು ಶಾಕ್ ಕೇಳಲಿಲ್ಲ. ಫ್ಯೂಸ್ ಕೇಳಿದೆ."

ಅಷ್ಟೇ. ಎದ್ದು ಹೋದರು. ಖುಷಿಗೆ ಕಲ್ಲು ಹಾಕೋದ್ರಲ್ಲಿ ಅವರು ನಿಸ್ಸೀಮರು ಅಂತ ಅಂದುಕೊಂಡೆ.

ಮಂಗಳವಾರ ಇನ್ವರ್ಟರನ್ನು ಬೇರೆ ಕಡೆ ಇಡೋಣ ಅನ್ನಿಸಿತು. ಇನ್ವರ್ಟರ್ ಕಡೆಯ ಸ್ಕ್ರೂ ಬಿಚ್ಚಿದೆ. ಬ್ಯಾಟರಿ ಕಡೆ ಹಾಗೇ ಬಿಟ್ಟೆ. ಬಲಗೈಯಲ್ಲಿ ಕೆಂಪು ವೈರು, ಕಪ್ಪು ವೈರು ಎರಡೂ ಒಟ್ಟಿಗೆ. ತುದಿಗಳು ಒಂದಕ್ಕೊಂದು ತಗುಲಿದವು.

ಚಟ್! ಬಿಳಿ ಬೆಳಕು. ಕೈ ತಾನಾಗೇ ಕೊಸರಿತು, ವೈರುಗಳು ಬೇರೆಯಾದವು. ಆಗಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲೇ ಕೆಂಪು ವೈರಿನ ಪ್ಲಾಸ್ಟಿಕ್ ಉದ್ದಕ್ಕೂ ಬೊಬ್ಬೆ ಎದ್ದಿತ್ತು, ಸುಟ್ಟ ಚರ್ಮದ ಹಾಗೆ. ತಾಮ್ರದ ತುದಿ ಕರಗಿ ಸಣ್ಣ ಮಣಿಯಾಗಿತ್ತು.

ವಾಸನೆಗೆ ದೊಡ್ಡಪ್ಪ ಬಂದರು. ಏನೂ ಕೇಳಲಿಲ್ಲ. ಮೊದಲು ಕಿಟಕಿ ತೆಗೆದರು. ಚಾರ್ಜ್ ಆಗುವಾಗ ಇಂಥ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ, ಕಿಡಿ ಬಿದ್ರೆ ಗ್ರಹಚಾರ ಅಂತ ಗೊಣಗಿದರು. ಕಿಟಕಿ ಮುಚ್ಚಿದ್ದು ನಾನೇ, ಧೂಳು ಬರದಿರಲಿ ಅಂತ.

ಅವತ್ತು ರಾತ್ರಿ ಲೆಕ್ಕ ಹಾಕಿದೆ. ಬ್ಯಾಟರಿಯ ಒಳಗೆ ಕರೆಂಟಿಗೆ ಇರೋ ತಡೆ (ರೆಸಿಸ್ಟೆನ್ಸ್) ಒಂದು ಓಮ್‌ನ ನೂರನೇ ಒಂದು ಭಾಗದ ಆಸುಪಾಸು. ವೈರಿಂದೂ ಸುಮಾರು ಅಷ್ಟೇ. ಆ ಎರಡನ್ನೂ ಕೂಡಿಸಿ ಅದರಿಂದ 12 ವೋಲ್ಟನ್ನು ಭಾಗಿಸಿದರೆ ನೂರಾರು ಆಂಪಿಯರ್. ನನಗೆ ಧೈರ್ಯ ಕೊಟ್ಟಿದ್ದ 12 ಅನ್ನೋ ಸಂಖ್ಯೆ ನನ್ನ ಚರ್ಮದ ಮಟ್ಟಿಗೆ ಮಾತ್ರ ನಿಜ. ವೈರಿಗೆ ಅದು ಗೊತ್ತಿಲ್ಲ. ಶಾರ್ಟ್ ಇಲ್ಲದಿದ್ದರೂ ಅಷ್ಟೇ: ಇನ್ವರ್ಟರ್ ಪೂರ್ತಿ 300 ವ್ಯಾಟ್ ಕೊಡುವಾಗ, ಅದರ ನಷ್ಟವೂ ಸೇರಿ, ಬ್ಯಾಟರಿಯಿಂದ ಎಳೆಯೋದು 28 ಆಂಪಿಯರ್ ಹತ್ತಿರ. ಅಷ್ಟೇ ವ್ಯಾಟ್‌ಗೆ ವೋಲ್ಟ್ ಕಮ್ಮಿ ಆದಷ್ಟೂ ಆಂಪಿಯರ್ ಜಾಸ್ತಿ, ವೈರು ದಪ್ಪ ಇರಬೇಕು. ನಾನು ಹಾಕಿದ್ದು ಮನೆಯ ಪ್ಲಗ್ಗಿಗೆ ಹಾಕೋ ವೈರು.

ನಾನು ನೋಡಿ ಕಲಿತ ವಿಡಿಯೋಗಳಲ್ಲಿ ಎಲ್ಲರೂ ಪ್ಯಾನೆಲ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಫ್ಯೂಸ್ ಬಗ್ಗೆ ಒಂದು ಸಾಲು. ಅದು ಉರಿಯಲ್ಲ, ತಿರುಗಲ್ಲ, ತೋರಿಸೋಕೆ ಏನಿದೆ ಅಲ್ವಾ? ಅವರನ್ನು ಬೈದು ಪ್ರಯೋಜನ ಇಲ್ಲ, ಆ ಒಂದು ಸಾಲನ್ನೂ ನಾನು ಓಡಿಸಿಕೊಂಡೇ ನೋಡಿದ್ದೆ. ದೊಡ್ಡಪ್ಪನ ಮೇಲೆ ಮಾತ್ರ ಇನ್ನೂ ಸಣ್ಣ ಕೋಪ ಇದೆ. ಕೇಳಿ ಎದ್ದು ಹೋಗೋ ಬದಲು ಕೂತು ಹೇಳಬಹುದಿತ್ತು. ಹೇಳಿದ್ದರೆ ಕೇಳುತ್ತಿದ್ದೆನಾ? ಫ್ಯಾನ್ ತಿರುಗುತ್ತಿತ್ತಲ್ಲ.

ನಿನ್ನೆ 10 ಚದರ ಮಿಲಿಮೀಟರ್ ವೈರು ತಂದೆ. ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣು ದೂರದಲ್ಲಿ 40 ಆಂಪಿಯರ್ ಫ್ಯೂಸ್ ಕೂರಿಸಿದೆ. ಕರೆಂಟ್ ಮಿತಿ ಮೀರಿದರೆ ಅದು ತಾನೇ ಕರಗಿ ದಾರಿ ಕಡಿಯುತ್ತೆ. ಫ್ಯೂಸ್ ಕಾಯೋದು ಇನ್ವರ್ಟರನ್ನಲ್ಲ, ತನ್ನಿಂದ ಮುಂದಿನ ವೈರನ್ನು. ಅದಕ್ಕೇ ಅದು ಬ್ಯಾಟರಿ ಪಕ್ಕದಲ್ಲೇ ಇರಬೇಕು. ಹುರುಪು ಜಾಸ್ತಿಯಾಗಿ ಪ್ಯಾನೆಲ್ ಕಡೆಗೂ ಒಂದು ಹಾಕಲಾ ಅಂತ ಕೇಳಿದೆ.

"ಒಂದೇ ಪ್ಯಾನೆಲ್ ತಾನೇ? ಬೇಡ. ಶಾರ್ಟ್ ಮಾಡಿದ್ರೂ ಅದು ಆರು ಆಂಪಿಯರ್ ಮೇಲೆ ಕೊಡಲ್ಲ," ಅಂದರು ದೊಡ್ಡಪ್ಪ. "ಬ್ಯಾಟರಿ ಹಾಗಲ್ಲ. ಕೇಳಿದಷ್ಟೂ ಕೊಡುತ್ತೆ."

ಆಮೇಲೆ ಮೊದಲ ಸಲ ಫ್ಯಾನ್ ಮುಂದೆ ಹೋಗಿ ನಿಂತರು. ಸುಟ್ಟ ವೈರಿನ ತುಂಡು ಮೇಜಿನ ಮೇಲಿತ್ತು. ಅದನ್ನೆತ್ತಿ ತಿರುಗಿಸಿ ನೋಡಿ, ಸುಮ್ನೆ ಜೇಬಿಗೆ ಹಾಕಿಕೊಂಡರು. ಯಾರ ಮನೆಯಲ್ಲಿ ತೋರಿಸುತ್ತಾರೋ.