ಬಾಗಿಲು ತೆಗೆದಿದ್ದರೂ ಹೋಗುತ್ತಾ?

ಸೆಪ್ಟೆಂಬರ್ 8, 2025, ಸೋಮವಾರ
ಇಟ್ಟಿಗೆಗೂಡು, ಮೈಸೂರು

ಅಪ್ಪ ಊರಿಂದ ಬಂದಿದ್ದಾರೆ. ಬ್ಯಾಗ್ ಕೆಳಗಿಡುವ ಮೊದಲೇ ನನ್ನ ನಾಯಿಮರಿ ಕೆಂಚನ ಕ್ರೇಟ್, ಅಂದರೆ ಅವನ ಕಂಬಿಯ ಗೂಡು, ಕಣ್ಣಿಗೆ ಬಿತ್ತು.

"ಅಲ್ಲ ಕಣಮ್ಮಾ, ಇಷ್ಟು ಚಿಕ್ಕ ಮರೀನ ಯಾಕೆ ಕಂಬಿ ಒಳಗೆ ಹಾಕಿದ್ದೀಯ? ಅದೇನು ಕೋಳಿನಾ?"

ಕೂರಿಸಿಕೊಂಡು ಒಂದೊಂದಾಗಿ ಹೇಳಿದೆ. ಎದ್ದು ನಿಲ್ಲೋಕೆ, ಸುತ್ತು ತಿರುಗೋಕೆ, ಕಾಲು ಚಾಚಿ ಮಲಗೋಕೆ ಎಷ್ಟು ಬೇಕೋ ಅಷ್ಟು ಜಾಗ ಇದೆ. ಅದಕ್ಕಿಂತ ಜಾಸ್ತಿ ಇದ್ದರೆ ಒಂದು ಮೂಲೆಯಲ್ಲಿ ಉಚ್ಚೆ ಹೊಯ್ದು ಇನ್ನೊಂದು ಮೂಲೆಯಲ್ಲಿ ಮಲಗಿಬಿಡುತ್ತೆ. ಅದಕ್ಕೇ ನಡುವೆ ಒಂದು ತಡೆ. ಅವನು ಬೆಳೆದ ಹಾಗೆ ಅದನ್ನು ಹಿಂದಕ್ಕೆ ಸರಿಸಬೇಕು. ಒಳಗೆ ಬಿಡುವ ಮುಂಚೆ ಕೊರಳಪಟ್ಟಿ ಬಿಚ್ಚುತ್ತೇನೆ, ಕಂಬಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತೆ. ಮೂರು ಕಡೆ ಅಮ್ಮನ ಹಳೇ ಕಾಟನ್ ಸೀರೆ ಇಳಿಬಿಟ್ಟಿದ್ದೇನೆ. ಆ ಸೀರೆ ನೋಡಿ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಕೇಳಿದರು, "ಸರಿ. ಬಾಗಿಲು ತೆಗೆದಿಟ್ಟರೆ ಅದೇ ಹೋಗುತ್ತಾ ಒಳಗೆ?"

"ಇನ್ನೂ ಇಲ್ಲಪ್ಪ."

"ನಮ್ಮ ಹಸು ನೋಡಿದ್ದೀಯಲ್ಲ. ಸಂಜೆ ಮೇಯ್ದು ಬಂದರೆ ಯಾರೂ ಎಳೀಬೇಕಾಗಿಲ್ಲ. ತನ್ನ ಗೂಟದ ಹತ್ತಿರ ತಾನೇ ಹೋಗಿ ನಿಲ್ಲುತ್ತೆ. ಅಲ್ಲಿ ಹುಲ್ಲಿದೆ, ನೀರಿದೆ, ಯಾರೂ ಹೊಡೆಯಲ್ಲ ಅಂತ ಗೊತ್ತು. ಹಗ್ಗ ಆಮೇಲೆ ಕಣಮ್ಮಾ."

ಇಡೀ ಸಂಜೆ ಈ ಮಾತೇ ತಲೆಯಲ್ಲಿದೆ. ಇಷ್ಟು ದಿನ ನಾನು ಓದಿದ್ದೆಲ್ಲ ಅಪ್ಪನ ಆ ಒಂದು ಮಾತಿನಲ್ಲಿ ಬಂದುಬಿಟ್ಟಿತು. ಬಾಗಿಲು ಹಾಕುವುದು ಕೊನೆಯ ಕೆಲಸ. ಅದಕ್ಕೂ ಮೊದಲು ಊಟ ಅಲ್ಲೇ, ಆಟದ ಸಾಮಾನು ಅಲ್ಲೇ, ಹಗಲ ನಿದ್ದೆಯೂ ಅಲ್ಲೇ ಆಗಬೇಕು. ಬಾಗಿಲು ಒಂದು ನಿಮಿಷ ಹಾಕಿ, ಅವನು ಅಳುವ ಮುಂಚೆಯೇ ತೆಗೆಯಬೇಕು. ಬೈದು ಒಳಗೆ ಹಾಕುವಂತೆ ಇಲ್ಲವೇ ಇಲ್ಲ. ಒಂದು ಸಲ ಅದು ಶಿಕ್ಷೆಯ ಜಾಗ ಅಂತ ಅವನಿಗೆ ಅನಿಸಿದರೆ ಮುಗೀತು.

ಬೆಳಿಗ್ಗೆ ಒಂಬತ್ತಕ್ಕೆ ಮರಿಯನ್ನು ಕೂಡಿಹಾಕಿ ಸಂಜೆ ಆರಕ್ಕೆ ಬಂದು ಬಾಗಿಲು ತೆಗೆಯುವವರಿದ್ದಾರೆ. ಅದನ್ನು ತರಬೇತಿ ಅಂತ ಹೇಗೆ ಕರೆಯಲಿ? ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಬರುವಷ್ಟು ಗಂಟೆ ಉಚ್ಚೆ ತಡೆದುಕೊಳ್ಳಬಲ್ಲದು ಅನ್ನೋದು ಒಂದು ಅಂದಾಜು. ಅದೂ ಹೆಚ್ಚೆಂದರೆ. ಕೆಂಚನಿಗೆ ಈಗ ಎರಡೂವರೆ ತಿಂಗಳು. ಹಗಲಲ್ಲಿ ಎರಡು ಗಂಟೆಗಿಂತ ಜಾಸ್ತಿ ಅವನನ್ನು ಒಳಗೆ ಬಿಡೋಕೆ ನನಗೆ ಮನಸ್ಸು ಬರಲ್ಲ. ರಾತ್ರಿ ನಡುವೆ ಅಲಾರಾಂ ಇಟ್ಟುಕೊಂಡು ಏಳುತ್ತೇನೆ. ದೊಡ್ಡ ದೀಪ ಹಾಕಲ್ಲ, ಮಾತಾಡಿಸಲ್ಲ. ಹಿತ್ತಲಿಗೆ ಎತ್ತಿಕೊಂಡು ಹೋಗೋದು, ಆದ ಮೇಲೆ ಬೆನ್ನು ಸವರೋದು, ಮತ್ತೆ ಒಳಗೆ. ಕ್ರೇಟ್ ನನ್ನ ಹಾಸಿಗೆಯ ಪಕ್ಕದಲ್ಲೇ ಇದೆ. ಕುಂಯ್ ಅಂದರೆ ಕೈ ಕೆಳಗಿಡುತ್ತೇನೆ, ಬೆರಳು ಮೂಸಿ ಸುಮ್ಮನಾಗುತ್ತಾನೆ. ಅಮ್ಮನ ಮಗ್ಗುಲಲ್ಲಿ, ಒಡಹುಟ್ಟಿದವರ ರಾಶಿಯಲ್ಲಿ ಮಲಗುತ್ತಿದ್ದವನು. ಒಬ್ಬನೇ ಮಲಗು ಅಂದರೆ ಅಳದೆ ಏನು ಮಾಡುತ್ತಾನೆ?

ಬೀದಿಗೆ ಇಳಿಸೋಕೆ ಇನ್ನೂ ಧೈರ್ಯ ಇಲ್ಲ. ಪಕ್ಕದ ಬೀದಿಯ ಮರಿಯೊಂದು ಹೋದ ತಿಂಗಳು ಪಾರ್ವೊ ಅನ್ನೋ ವಾಂತಿ-ಭೇದಿಯ ವೈರಸ್ ರೋಗದಲ್ಲಿ ಸತ್ತುಹೋಯಿತು. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಕೆಂಚನ ಎರಡನೇ ಲಸಿಕೆ ಗುರುವಾರ. ಆಮೇಲೂ ನಾಲ್ಕು ತಿಂಗಳಾಗುವವರೆಗೆ ಕೊಡಿಸುತ್ತಾ ಇರಬೇಕು. ಆದರೆ ಮರಿ ಲೋಕಕ್ಕೆ ಹೊಂದಿಕೊಳ್ಳುವ ವಯಸ್ಸೂ ಇದೇ, ಮೂರು ತಿಂಗಳು ದಾಟಿತು ಅಂದರೆ ಆ ಬಾಗಿಲು ಮುಚ್ಚುತ್ತಾ ಬರುತ್ತೆ. ಹಾಗಾಗಿ ಎತ್ತಿಕೊಂಡೇ ತಿರುಗಾಡಿಸುತ್ತೇನೆ. ಆಟೋ, ಹಾಲಿನ ಗಾಡಿ, ಮಸೀದಿಯ ಆಜಾನ್, ದೇವಸ್ಥಾನದ ಗಂಟೆ. ರಾತ್ರಿ ಝೂ ಕಡೆಯಿಂದ ಸಿಂಹ ಕೂಗಿದರೆ ಮಾತ್ರ ಕಿವಿ ನಿಮಿರಿಸಿ ನನ್ನನ್ನೇ ನೋಡುತ್ತಾನೆ.

ನನ್ನ ಚಿಂತೆ ಇರೋದು ಸದ್ದಿನದ್ದೇ. 22ಕ್ಕೆ ದಸರಾ ಶುರು. ಅದಕ್ಕೆ ಮುಂಚೆ ಆನೆ, ಕುದುರೆಗಳು ಬೆಚ್ಚದಿರಲಿ ಅಂತ ಕುಶಾಲತೋಪಿನ ತಾಲೀಮು. ವಸ್ತುಪ್ರದರ್ಶನದ ಮೈದಾನದಲ್ಲಿ ಫಿರಂಗಿ ಹಾರಿಸಿದರೆ ನಮ್ಮ ಕಿಟಕಿ ಅದುರುತ್ತೆ. ಅದಾದ ಮೇಲೆ ದೀಪಾವಳಿ. ಅಷ್ಟರೊಳಗೆ ಹೆದರಿದಾಗ ಓಡಿಹೋಗೋಕೆ ಅವನಿಗೆ ತನ್ನದು ಅಂತ ಒಂದು ಜಾಗ ಇರಬೇಕು. ಆನೆಗೂ ಪ್ರತಿ ವರ್ಷ ತಾಲೀಮು ಬೇಕು, ಇವನಿಗೆ ನಾನು ಎರಡು ವಾರದಲ್ಲಿ ಎಷ್ಟು ಕಲಿಸಬಲ್ಲೆ?

ಊಟ ಆದ ಮೇಲೆ ಅಪ್ಪ ಬೇಯಿಸಿದ ಕೋಳಿಯ ಸಣ್ಣ ಚೂರುಗಳನ್ನು ಒಂದೊಂದೇ ಒಳಗೆ ಎಸೆದರು. ಕೆಂಚ ಮುಂಗಾಲು ಒಳಗಿಟ್ಟ, ಹಿಂಗಾಲು ಹೊರಗೇ. ತಿಂದ, ಹಿಂದಕ್ಕೆ ಬಂದ. ಮತ್ತೆ ಹೋದ. ಕೊನೆಗೆ ಬಾಲ ಮಾತ್ರ ಹೊರಗೆ ಉಳಿಯಿತು. ನಾನು ಬಾಗಿಲಿಗೆ ಕೈ ಹಾಕಲು ಹೋದೆ. ಅಪ್ಪ "ಇವತ್ತು ಬೇಡ" ಅಂದರು.

ಹಾಗಾದರೆ ನಾಳೆ ತಟ್ಟೆಯನ್ನು ಇನ್ನೂ ಒಳಕ್ಕೆ ಇಡಬೇಕು. ಬೆಳಿಗ್ಗೆ ಅನ್ನ, ಮೊಟ್ಟೆ. ಡಾಕ್ಟರನ್ನು ಕೇಳಬೇಕಾದ್ದು ಇನ್ನೊಂದಿದೆ, ಫಿರಂಗಿ ಸದ್ದನ್ನು ಮೊಬೈಲಿನಲ್ಲಿ ಸಣ್ಣದಾಗಿ ಕೇಳಿಸುತ್ತಾ ಊಟ ಕೊಟ್ಟರೆ, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿದರೆ ಅವನಿಗೆ ಅಭ್ಯಾಸ ಆಗುತ್ತಾ ಅಂತ.