ಹಿಂಬದಿಯಲ್ಲಿ ಸಿಕ್ಕಿಬೀಳುವ ಸೆಂಟುಗಳು

ಮುಂಬಯಿಯ ಕನ್ನಡಿಗ ನಾಣ್ಯಪ್ರಿಯರ ನಡುವೆ ಮೈಸೂರಿನ ಆನೆ ಕಾಸು, ವಿಜಯನಗರದ ವರಾಹಗಳ ಮಾತೇ ಹೆಚ್ಚು. ಅಮೆರಿಕದ ಹಳೆಯ ತಾಮ್ರದ ಸೆಂಟುಗಳನ್ನು, ಅದರಲ್ಲೂ ಹಳೆಯ ಅಚ್ಚುಗಳಿಂದ ಖಾಸಗಿಯವರು ಟಂಕಸಾಲೆಯ ಹೊರಗೆ ಮತ್ತೆ ಒತ್ತಿದ ರೀಸ್ಟ್ರೈಕ್‌ಗಳನ್ನು ನಾನು ಕೂಡಿಡುತ್ತೇನೆಂದರೆ, "ನಕಲಿ ಬೇಕಿದ್ದರೆ ಚೋರ್ ಬಜಾರಿಗೆ ಹೋದರೆ ಸಾಕಲ್ಲ ಮಾರಾಯ್ರೆ" ಎಂದು ಮಾಟುಂಗದ ಗೆಳೆಯರು ನಗುತ್ತಾರೆ.

ಎರಡೂ ಒಂದೇ ಅಲ್ಲ. ಫುಟ್‌ಪಾತಿನಲ್ಲಿ ಮಾರುವ, ರಾಮ ಪರಿವಾರದ ಚಿತ್ರವೂ 1818 ಎಂಬ ಇಸವಿಯೂ ಇರುವ ಈಸ್ಟ್ ಇಂಡಿಯಾ ಕಂಪನಿಯ 'ಅರ್ಧ ಆಣೆ' ಶುದ್ಧ ಕಟ್ಟುಕತೆ. ಅಂಥ ನಾಣ್ಯವನ್ನು ಕಂಪನಿ ಹೊರಡಿಸಿಯೇ ಇರಲಿಲ್ಲ. ರೀಸ್ಟ್ರೈಕ್‌ನ ಅಚ್ಚುಗಳಾದರೋ ಫಿಲಡೆಲ್ಫಿಯದ ಸರ್ಕಾರಿ ಟಂಕಸಾಲೆಯವೇ. ಸವೆದ ಮೇಲೆ ಗುಜರಿಗೆ ಹೋಗಿ ಖಾಸಗಿಯವರ ಕೈ ಸೇರಿದವು ಎನ್ನುತ್ತಾರೆ. 1857ರಲ್ಲಿ ಅರ್ಧ ಸೆಂಟನ್ನೂ ದೊಡ್ಡ ಸೆಂಟನ್ನೂ (ದೊಡ್ಡ ಗಾತ್ರದ ಹಳೆಯ ತಾಮ್ರದ ಒಂದು ಸೆಂಟು) ನಿಲ್ಲಿಸಿದ ಮೇಲೆ ಇಸವಿಗೊಂದರಂತೆ ಪೂರ್ತಿ ಸಾಲು ಜೋಡಿಸುವ ಹುಚ್ಚು ಅಲ್ಲಿ ಹೆಚ್ಚಿತು. 1804ರ ಸೆಂಟು ಸುಲಭವಾಗಿ ಸಿಗುತ್ತಿರಲಿಲ್ಲವಾದ್ದರಿಂದ, ಸುಮಾರು 1860ರ ಹೊತ್ತಿಗೆ ಯಾರೋ 1803ರ ಮುಂಬದಿಯ ಅಚ್ಚಿನಲ್ಲಿ ಕೊನೆಯ ಅಂಕಿಯನ್ನು ತಿದ್ದಿ, ಅದಕ್ಕೆ 1820ರ ಹಿಂಬದಿಯ ಅಚ್ಚನ್ನು ಜೋಡಿಸಿ ಆ ಕೊರತೆಯನ್ನು ತುಂಬಿದರು.

ನನಗೆ ರುಚಿಸುವುದು ಈ ಹೊಂದದ ಜೋಡಿಯೇ. 1804ರ ಅಸಲಿ ಸೆಂಟಿನ ಹಿಂಬದಿಯಲ್ಲಿ ಎಲೆಮಾಲೆಯ ಕೆಳಗೆ 1/100 ಎಂಬ ಭಿನ್ನರಾಶಿ ಇರುತ್ತದೆ. 1820ರ ಹೊತ್ತಿಗೆ ಅದನ್ನು ಕೈಬಿಟ್ಟಾಗಿತ್ತು, ಹಾಗಾಗಿ ರೀಸ್ಟ್ರೈಕ್‌ನಲ್ಲಿ ಆ ಜಾಗ ಖಾಲಿ. ಭೂತಗನ್ನಡಿ ಹಿಡಿದರೆ ಮೈಯೆಲ್ಲ ಸಣ್ಣ ಗುಳ್ಳೆಗಳು: ನಾಣ್ಯವೇ ಕೊಳೆತಿದ್ದರೆ ಕುಳಿಗಳು ಬೀಳುತ್ತಿದ್ದವು, ಇಲ್ಲಿ ತುಕ್ಕು ತಿಂದದ್ದು ಅಚ್ಚನ್ನು, ಆದ್ದರಿಂದ ಅಚ್ಚಿನ ಕುಳಿಗಳು ತಾಮ್ರದ ಮೇಲೆ ಉಬ್ಬಾಗಿ ಮೂಡಿವೆ. 1811ರ ಅರ್ಧ ಸೆಂಟಿನ ರೀಸ್ಟ್ರೈಕ್‌ನದು ಇದಕ್ಕೆ ತಿರುವುಮುರುವು. ಅದರ ಹಿಂಬದಿ 1802ರದಾದ ಕಾರಣ, ಇರಬಾರದ ಕಡೆ 1/200 ಬಂದು ಕುಳಿತಿದೆ. ತಂತಿವಾದ್ಯಗಳನ್ನು ದುರಸ್ತಿ ಮಾಡುತ್ತಿದ್ದ, ತಾನು ಹುಟ್ಟಿದ 1799ರ ಸೆಂಟನ್ನು ಹುಡುಕುತ್ತ ಸಂಗ್ರಾಹಕನಾದ ಜೋಸೆಫ್ ಮಿಕ್ಲಿಯ ಹೆಸರು ಈ ಅರ್ಧ ಸೆಂಟಿಗೆ ಅಂಟಿಕೊಂಡಿದೆ. ಅದು ಬಲು ಅಪರೂಪ. ಚಿತ್ರ ನೋಡಿ ತೃಪ್ತಿಪಡುವುದಷ್ಟೇ ನಮ್ಮ ಪಾಲಿಗೆ. 1823ರ ಸೆಂಟಿಗೆ 1813ರ ಹಿಂಬದಿ ಸೇರಿಸಿದ್ದಾರೆ, ಎರಡರಲ್ಲೂ ಭಿನ್ನರಾಶಿ ಇಲ್ಲದ್ದರಿಂದ ಅದನ್ನು ಗುರುತಿಸಲು ಕಣ್ಣು ಹೆಚ್ಚು ಪಳಗಿರಬೇಕು.

ಅಮೆರಿಕದ ಆರಂಭಕಾಲದ ತಾಮ್ರದ ನಾಣ್ಯವಾದ 1787ರ ಫ್ಯೂಜಿಯೊ ಸೆಂಟಿನ 'ನ್ಯೂ ಹೇವನ್ ರೀಸ್ಟ್ರೈಕ್'ಗಳನ್ನು ಮಾತ್ರ ನಾನು ಈ ಸಾಲಿಗೆ ಸೇರಿಸುವುದಿಲ್ಲ. ಅವುಗಳ ಅಚ್ಚುಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸದಾಗಿಯೇ ಕೊರೆದದ್ದು. ಹಿಂಬದಿಯ ಸರಪಳಿಯ ಉಂಗುರಗಳು ತೆಳ್ಳಗಿರುವುದೇ ಅದನ್ನು ಹೇಳಿಬಿಡುತ್ತದೆ.

ಇಲ್ಲಿಯ ಮಳೆಗಾಲ ತಾಮ್ರಕ್ಕೆ ಶತ್ರು. ಪಿವಿಸಿ ಹಾಳೆಯ ಅಗ್ಗದ ಆಲ್ಬಮ್‌ಗಳನ್ನು ಬಿಟ್ಟು, ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುತ್ತೇನೆ. ಚೀಟಿಯ ಮೇಲೆ ಒಂದೇ ಇಸವಿ ಬರೆಯದೆ, ಮುಂಬದಿ 1803, ತಿದ್ದಿ 1804, ಹಿಂಬದಿ 1820 ಎಂದು ಬಿಡಿಸಿ ಬರೆಯುತ್ತೇನೆ. ನಾಳೆ ಮನೆಯವರು ಮಾರಲು ಹೊರಟರೆ ಅಂಗಡಿಯವನು ಅದನ್ನು ಅಸಲಿ ಎಂದು ಮತ್ತೊಬ್ಬರಿಗೆ ದಾಟಿಸಬಾರದು.