ಡಬ್ಬಿಯ ಮೇಲಿನ 8 ತಾಸು

ನಿನ್ನೆ ರಾತ್ರಿ ಮುಧೋಳದ ಹೊಲದಲ್ಲಿ ಕಾಕಾ ಜೊತೆ ಕಬ್ಬಿಗೆ ನೀರು ಹಾಯಿಸುತ್ತಿದ್ದೆ. ತ್ರೀ ಫೇಸ್ ಕರೆಂಟ್ ಬಂದಿದ್ದೇ ಹನ್ನೊಂದಕ್ಕೆ. ಕಾಕಾನ ಹಣೆಗೆ ಹೊಸ ಹೆಡ್‌ಲ್ಯಾಂಪ್. ಡಬ್ಬಿಯ ಮೇಲೆ 100 ಮೀಟರ್, 8 ತಾಸು ಅಂತ ಇತ್ತು. ಎರಡು ತಾಸಿಗೇ ಬೆಳಕು ಮಂಕಾಯಿತು. ಬದುವಿನ ಮೇಲೆ ಬಿದ್ದಿದ್ದು ಪೈಪೋ ಹಾವೋ ತಿಳಿಯದೆ ಇಬ್ಬರೂ ಹಾಗೇ ನಿಂತೆವು. ಪೈಪೇ ಆಗಿತ್ತು, ಪುಣ್ಯ.

"ಮೋಸ ಮಾಡ್ಯಾರ ನೋಡೋ ತಮ್ಮಾ" ಅಂದರು ಕಾಕಾ.

ಬೆಳಿಗ್ಗೆ ಕೂತು ಓದಿದೆ. ಟಾರ್ಚ್ ಅಳೆಯಲು ಎಫ್‌ಎಲ್ 1 ಅಂತ ಅಮೆರಿಕದ ಒಂದು ಮಾನದಂಡ ಇದೆ, 2009ರಲ್ಲಿ ಬಂದದ್ದು. ಅದರಲ್ಲಿ ದೂರ ಅಂದರೆ ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗ. ಅಂದರೆ ಹೆಚ್ಚುಕಡಿಮೆ ಹುಣ್ಣಿಮೆ ಬೆಳದಿಂಗಳಷ್ಟು. ಅಷ್ಟರಲ್ಲಿ ಗಿಡ ಕಾಣುತ್ತದೆ, ಹಾವು ಕಾಣುತ್ತದಾ? ತಾಸಿನ ಲೆಕ್ಕ ಇನ್ನೂ ಬೇರೆ. ಹಚ್ಚಿದ 30 ಸೆಕೆಂಡಿಗೆ ಇದ್ದ ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವವರೆಗಿನ ಸಮಯ ಅದು. ನಡುವೆ ಎಷ್ಟು ಬೇಗ ಮಂಕಾಯಿತು ಅನ್ನೋದು ಆ ಒಂದು ಅಂಕಿಯಲ್ಲಿ ಕಾಣುವುದೇ ಇಲ್ಲ. ಜೋರು ಬೆಳಕಿನ ಮೀಟರ್, ಸಣ್ಣ ಬೆಳಕಿನ ತಾಸು, ಎರಡನ್ನೂ ಅಕ್ಕಪಕ್ಕ ದೊಡ್ಡದಾಗಿ ಅಚ್ಚು ಹಾಕುವುದೂ ಉಂಟು.

ರಾತ್ರಿ ನೀರು ಬಿಡುವ ರೈತನಿಗೆ ಇದು ಜೀವದ ಪ್ರಶ್ನೆ ಅಲ್ವಾ? ಕೊಳ್ಳುವಾಗ ಯಾವ ಬೆಳಕಿಗೆ ಎಷ್ಟು ತಾಸು ಅಂತ ಕೇಳಿ.

ಇವತ್ತೂ ಹೋಗಬೇಕು. ಚಾರ್ಜ್ ಮಾಡಿದ ಇನ್ನೊಂದು ಬ್ಯಾಟ್ರಿ ಕಾಕಾನ ಜೇಬಿಗೆ ಹಾಕಿದ್ದೇನೆ.